ಬೆಚ್ಚಗಿದ್ದ ಕಾಲು

ಆ ದಿನ ಎಂದರೆ ನನಗೆ ಮೊದಲು ಕೇಳಿಸುವುದು ಹ್ಯಾಂಡ್ ಡಾಪ್ಲರಿನ ಸದ್ದು. ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ, ಅದಕ್ಕೊಂದು ಪುಟ್ಟ ಸ್ಪೀಕರ್. ಚರ್ಮದ ಮೇಲೆ ಜೆಲ್ ಹಚ್ಚಿ ಕಡ್ಡಿಯನ್ನು ಊರಿದರೆ ಒಳಗೆ ಹರಿಯುವ ರಕ್ತ ಮಾತಾಡುತ್ತದೆ. ಆರೋಗ್ಯವಂತರ ಪಾದವಾದರೆ ಚಾಟಿ ಬೀಸಿದ ಹಾಗೆ ಸಪ್, ಸಪ್ ಎಂದು ಗತ್ತಿನಿಂದ ಹೊಡೆದುಕೊಳ್ಳುತ್ತದೆ. ಆ ಮಧ್ಯಾಹ್ನ ಕ್ಯಾಷುವಾಲ್ಟಿಯಲ್ಲಿ ಕೇಳಿಸಿದ್ದು ಬರೀ ಗೊರಗೊರ. ಸ್ಟೇಷನ್ ಸಿಗದ ರೇಡಿಯೊ ಒಂದನ್ನು ಯಾರೋ ಆರಿಸಲು ಮರೆತ ಹಾಗೆ.

ಕೋವಿಡ್ ವಾರ್ಡುಗಳನ್ನು ಮುಚ್ಚಿದ ಮರುವರ್ಷ ಅದು. ನಾನು ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಹುದ್ದೆಯಿಂದ ನಿವೃತ್ತಳಾಗಿದ್ದೆ. ಸುಮ್ಮನೆ ಮನೆಯಲ್ಲಿ ಕೂರುವ ಅಭ್ಯಾಸವಿಲ್ಲದ್ದರಿಂದ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೀನಿಯರ್ ಕನ್ಸಲ್ಟಂಟ್ ಆಗಿ ಸೇರಿಕೊಂಡಿದ್ದೆ. ನನ್ನ ವಿಷಯ ಅನಸ್ತೀಷಿಯಾ. ನಮ್ಮೂರಿನ ಜನ ನಮ್ಮನ್ನು ‘ಎಚ್ಚರ ತಪ್ಪಿಸೋ ಡಾಕ್ಟರು’ ಅನ್ನುತ್ತಾರೆ. ಎಚ್ಚರ ತಪ್ಪಿಸುವುದು ನಮ್ಮ ಕೆಲಸದ ಸುಲಭದ ಭಾಗ. ಆಪರೇಷನ್ ನಡೆಯುವಷ್ಟು ಹೊತ್ತು ರೋಗಿಯ ಉಸಿರು, ನಾಡಿ, ರಕ್ತದ ಒತ್ತಡ, ಮೂತ್ರ ಎಲ್ಲದಕ್ಕೂ ಅವರ ಪರವಾಗಿ ನಾವು ಕಾವಲಿರಬೇಕು. ಸರ್ಜನ್ ಕಣ್ಣು ಗಾಯದ ಮೇಲೆ, ನಮ್ಮ ಕಣ್ಣು ಮನುಷ್ಯರ ಮೇಲೆ.

ಈ ಕೇಸಿಗೆ ಹೋಗುವ ಮುನ್ನ ಒಂದಿಷ್ಟು ಪಾಠ ಹೇಳಬೇಕು. ಹಳೆಯ ಮೇಷ್ಟರಿಗೆ ಚಾಳಿ ಬಿಡುವುದಿಲ್ಲ, ಬೇರ್ ವಿತ್ ಮಿ. ನಮ್ಮ ಜೀವಕೋಶಗಳ ಕೆಲಸವನ್ನೆಲ್ಲ ಮಾಡುವುದು ಪ್ರೋಟೀನುಗಳು. ಒಂದೊಂದು ಪ್ರೋಟೀನೂ ಇಸ್ತ್ರಿ ಮಾಡಿ ಮಡಚಿಟ್ಟ ಸೀರೆಯ ಹಾಗೆ, ತನ್ನದೇ ಮಡಿಕೆಯಲ್ಲಿ ಇದ್ದರಷ್ಟೇ ಉಪಯೋಗ. ಅತಿ ಬಿಸಿ ತಗುಲಿದಾಗ, ಆಮ್ಲಜನಕ ಸಿಗದಾಗ ಆ ಮಡಿಕೆಗಳು ಬಿಚ್ಚಿಕೊಂಡು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಅಂಥ ಹೊತ್ತಿನಲ್ಲಿ ಜೀವಕೋಶ ಹೀಟ್ ಶಾಕ್ ಪ್ರೋಟೀನ್ ಎಂಬ ಸಹಾಯಕರನ್ನು ತಯಾರಿಸುತ್ತದೆ. ಹಣ್ಣಿನ ನೊಣದ ಮರಿಗಳಿಗೆ ಆಕಸ್ಮಿಕವಾಗಿ ಬಿಸಿ ಹೆಚ್ಚಾದಾಗ ಇವುಗಳ ಸುಳಿವು ಸಿಕ್ಕಿದ್ದರಿಂದ ಆ ಹೆಸರು. ನಿಜಕ್ಕೂ ಯಾವ ಸಂಕಟಕ್ಕಾದರೂ ಅವು ಎದ್ದು ಬರುತ್ತವೆ. ಬಿಚ್ಚಿದ್ದನ್ನು ಮತ್ತೆ ಮಡಚುವುದು, ಸೇರಬಾರದವು ಒಂದಕ್ಕೊಂದು ಅಂಟದಂತೆ ನೋಡುವುದು ಅವುಗಳ ಕೆಲಸ. ವಿಜ್ಞಾನದಲ್ಲಿ ಇವನ್ನು ಶಾಪರೋನ್, ಅಂದರೆ ಹುಡುಗಿಯರ ಜೊತೆ ಕಾವಲಿಗೆ ಹೋಗುವ ಹಿರಿಯರು, ಎನ್ನುತ್ತಾರೆ. ಆ ಪದವನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಕಾನ್ವೆಂಟಿನಲ್ಲಿ ನಮ್ಮನ್ನು ಪಿಕ್ನಿಕ್ಕಿಗೆ ಕರೆದೊಯ್ಯುವಾಗ ಸಾಲಿನ ಹಿಂದೊಬ್ಬರು, ಮುಂದೊಬ್ಬರು ಸಿಸ್ಟರ್ ಇರುತ್ತಿದ್ದರು. ಜಡೆ ಬಿಚ್ಚಿದರೆ ಕಟ್ಟುತ್ತಿದ್ದರು, ಪಕ್ಕದ ಬಾಯ್ಸ್ ಸ್ಕೂಲಿನ ಸಾಲು ಎದುರಾದರೆ ‘ಗರ್ಲ್ಸ್, ಐಸ್ ಫ್ರಂಟ್’ ಎಂದು ನಮ್ಮ ಕಣ್ಣು ಮುಂದಕ್ಕೆ ತಿರುಗಿಸುತ್ತಿದ್ದರು. ಕ್ಲಾಸಿನಲ್ಲಿ ನಾನು ಪ್ರತಿ ಸಲ ಇದನ್ನೇ ಹೇಳುತ್ತಿದ್ದುದರಿಂದ ನನ್ನ ವಿದ್ಯಾರ್ಥಿಗಳೆಲ್ಲ ಆ ಪ್ರೋಟೀನುಗಳಿಗೆ ‘ಮೇಡಂ ಸಿಸ್ಟರ್‌ಗಳು’ ಎಂದೇ ಹೆಸರಿಟ್ಟಿದ್ದರು.

ಅಂಥ ವಿದ್ಯಾರ್ಥಿಗಳಲ್ಲಿ ಒಬ್ಬ ಡಾಕ್ಟರ್ ಕಿರಣ್. ರಕ್ತನಾಳಗಳ ಸರ್ಜನ್ ಆಗಿ ನಾನಿದ್ದ ಆಸ್ಪತ್ರೆಗೇ ಬಂದಿದ್ದ. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಅವನ ಫೋನ್ ಬಂತು. “ಮೇಡಂ, ಕ್ಯಾಷುವಾಲ್ಟಿಗೆ ಬನ್ನಿ, ಪ್ಲೀಸ್. ಬಾಣಂತಿ. ಎಡಗಾಲಿಗೆ ರಕ್ತ ಇಲ್ಲ.”

ಹುಡುಗಿಯ ಹೆಸರು ಸವಿತಾ. ಸರ್ಕಾರಿ ಬಸ್ಸಿನ ಕಂಡಕ್ಟರ್, ಹರಿಹರ–ದಾವಣಗೆರೆ ರೂಟು. ಚೊಚ್ಚಲ ಹೆರಿಗೆಯಾಗಿ ಇಪ್ಪತ್ತು ದಿನವೂ ಆಗಿರಲಿಲ್ಲ. ತಾಯಿ ಇಲ್ಲದ ಅವಳನ್ನು ಸಾಕಿ ಬೆಳೆಸಿದ್ದ ಅಜ್ಜಿಯ ಮನೆ ಭಾನುವಳ್ಳಿಯಲ್ಲಿ ಬಾಣಂತನ ನಡೆದಿತ್ತು. ಗಂಡ ಮಂಜುನಾಥ ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಗಾರ. ಅವನು ಸ್ಟ್ರೆಚರಿನ ಒಂದು ಪಕ್ಕ, ಕೂಸನ್ನು ಎದೆಗವಚಿಕೊಂಡ ಅಜ್ಜಿ ಗೌರಮ್ಮ ಇನ್ನೊಂದು ಪಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಎಡಗಾಲು ಮೊಣಕಾಲಿನಿಂದ ಕೆಳಗೆ ಮೇಣದಂತೆ ಬಿಳುಚಿತ್ತು, ತಣ್ಣಗಿತ್ತು. ಆದರೆ ಮೀನಖಂಡದ ಹಿಂಭಾಗದಲ್ಲಿ ಅಂಗೈಯಗಲ ಚರ್ಮ ಕೆಂಪಾಗಿ, ಎರಡು ಕಡೆ ನೀರುಗುಳ್ಳೆ ಎದ್ದಿದ್ದವು. ಸುಟ್ಟ ಗಾಯ. ತಣ್ಣಗಿರುವ ಕಾಲಿನಲ್ಲಿ ಸುಟ್ಟ ಗಾಯ ಏಕೆ ಎಂದು ಕೇಳುವ ಮೊದಲೇ ಮಂಜುನಾಥ ಸಿಡಿದ.

“ಕೇಳ್ರಿ ಅವ್ರನ್ನ! ಕೋಳಿ ಸುಟ್ಟಂಗೆ ಸುಟ್ಟಾರೆ ನನ್ನ ಹೆಂಡ್ತೀನ!”

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಬಾಣಂತಿಗೆ ದಿನಾ ಸುಡುಸುಡು ನೀರಿನ ಎರೆತ, ಆಮೇಲೆ ಹೊರಸಿನ ಕೆಳಗೆ ಕೆಂಡದ ಬಾಣಲೆ ಇಟ್ಟು ಕಾವು ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಗೌರಮ್ಮ ಅದರಲ್ಲಿ ಊರಿಗೇ ಹೆಸರಾದವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಕೆಂಡ ಎಷ್ಟಿರಬೇಕು, ಎಷ್ಟು ಹೊತ್ತಿರಬೇಕು ಎಂದು ಇವರನ್ನೇ ಕೇಳುತ್ತಿದ್ದರಂತೆ.

ಮಂಜುನಾಥ ಹೇಳಿದ ಕಥೆ ಹೀಗಿತ್ತು. ಬೆಳಿಗ್ಗೆ ಸವಿತಾಳಿಗೆ ಕಾಲುನೋವು ಎಂದು ಅಜ್ಜಿ ಫೋನ್ ಮಾಡಿಸಿದರು. ಅವನು ಗಾಡಿ ಮಾಡಿಕೊಂಡು ಹೋಗಿ ಹರಿಹರದ ಒಂದು ಕ್ಲಿನಿಕ್ಕಿಗೆ ತೋರಿಸಿದ. ಅಲ್ಲಿಯ ವೈದ್ಯರು ಕಾಲು ಮುಟ್ಟಿ ನೋಡಿ, ಬೆಚ್ಚಗಿದೆ, ನರ ಹಿಡಿದುಕೊಂಡಿರಬೇಕು ಎಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮನೆಗೆ ಮರಳಿದ ಮೇಲೆ ಹನ್ನೊಂದರ ಸುಮಾರಿಗೆ ಮಂಜುನಾಥ ಹೆಂಡತಿಯ ಪಾದ ಹಿಡಿದು ನೋಡಿದರೆ ತಣ್ಣಗೆ ಕೊರೆಯುತ್ತಿತ್ತು. ಅಲ್ಲಿಂದ ನೇರ ದಾವಣಗೆರೆಗೆ.

ಇದು ನಿಜವಾದರೆ ಕಾಲು ತಣ್ಣಗಾಗಿ ಎರಡು ತಾಸು ಆಗಿತ್ತಷ್ಟೆ. ನಮಗೆ ಬೇಕಾದಷ್ಟು ಸಮಯವಿತ್ತು. ಆದರೆ ಮೀನಖಂಡ ಮುಟ್ಟಿದರೆ ಹಿಟ್ಟಿನ ಉಂಡೆಯ ಹಾಗೆ ಗಟ್ಟಿಯಾಗತೊಡಗಿತ್ತು. ಎರಡು ತಾಸಿಗೆ ಹಾಗಾಗುವುದಿಲ್ಲ. ರಕ್ತ ನಿಂತ ಹೊತ್ತು ನನಗೆ ಸರಿಯಾಗಿ ಬೇಕಿತ್ತು. ಮಾಂಸಖಂಡ ರಕ್ತವಿಲ್ಲದೆ ಸುಮಾರು ಆರು ತಾಸು ತಡೆದುಕೊಳ್ಳುತ್ತದೆ ಎಂಬುದು ನಮ್ಮ ಸ್ಥೂಲ ಲೆಕ್ಕ. ಅದು ದಾಟಿದ ಮೇಲೆ ರಕ್ತ ಬಿಡುವುದೇ ಪ್ರಾಣಕ್ಕೆ ಮುಳುವಾಗಬಹುದು.

ನಾನು ಗೌರಮ್ಮನವರ ಕಡೆ ತಿರುಗಿದೆ. “ಅಜ್ಜಿ, ಕಾಲು ಮೊದಲು ತಣ್ಣಗಾಗಿದ್ದು ಯಾವಾಗ?”

“ಹನ್ನೊಂದಕ್ಕೆ ಅಂತ ಹೇಳಿದ್ನೆಲ್ರೀ ಮೇಡಂ,” ಎಂದ ಮಂಜುನಾಥ.

“ಸುಮ್ನಿರ್ರಿ ಅಳಿಯಂದ್ರೆ. ಅವ್ರು ನನ್ನ ಕೇಳಿದ್ದು.” ಅಜ್ಜಿ ಕೂಸನ್ನು ಹೆಗಲಿಗೆ ಬದಲಿಸಿಕೊಂಡರು. “ನಸುಕಿನಾಗೆ, ಕೂಸಿಗೆ ಹಾಲು ಕೊಡಾಕ ಎದ್ದಿದ್ಲು. ‘ಅಜ್ಜಿ, ಕಾಲು ಕಡಿದಂಗಾತು’ ಅಂತ ಚೀರಿದ್ಲು. ಮುಟ್ಟಿದ್ರೆ ಕೊಡದಾಗಿನ ನೀರಿದ್ದಂಗಿತ್ತು. ಶೀತ ಹೊಕ್ಕೈತೆ ಅಂತ ಕೆಂಡ ಜಾಸ್ತಿ ಮಾಡಿ ಇಟ್ಟೆ. ಬೆಚ್ಚಗಾತು. ನೋವೂ ಇಳೀತು ಅಂದ್ಲು. ಗೆದ್ದೆ ಅನ್ಕಂಡೆ ನೋಡ್ರಿ. ಆದ್ರೂ ಒಮ್ಮೆ ತೋರಿಸ್ಲಿ ಅಂತ ಇವ್ರಿಗೆ ಫೋನ್ ಮಾಡಿಸ್ದೆ. ಹರಿಹರಕ್ಕೆ ಹೋಗೋವಾಗ್ಲೂ ಬಿಸಿನೀರಿನ ಚೀಲ ಕಟ್ಟಿ, ಕಂಬಳಿ ಸುತ್ತಿ ಕಳಿಸಿದೆ.”

ನನಗೆ ಎಲ್ಲ ಅರ್ಥವಾಯಿತು. ಹರಿಹರದ ವೈದ್ಯರ ಕೈಗೆ ತಗುಲಿದ್ದು ಸವಿತಾಳ ಬಿಸಿಯಲ್ಲ, ಬಿಸಿನೀರಿನ ಚೀಲದ ಬಿಸಿ. ರಕ್ತ ನಿಂತಿದೆ ಎಂಬುದಕ್ಕೆ ಇದ್ದ ದೊಡ್ಡ ಗುರುತನ್ನು ಕಾವು ಅಳಿಸಿಹಾಕಿತ್ತು. ನೋವು ಇಳಿದದ್ದು ಗುಣವಾಗಿದ್ದರಿಂದಲ್ಲ, ನರಗಳು ಸೋತಿದ್ದರಿಂದ; ಚರ್ಮ ಸುಡುತ್ತಿದ್ದರೂ ಗೊತ್ತಾಗದಷ್ಟು ಜೋಮು. ಮಾಮೂಲಿ ಕಾಲಾದರೆ ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಇಲ್ಲಿ ಬಿಸಿ ಒಳಗೇ ಉಳಿಯಿತು. ಸಾಲದ್ದಕ್ಕೆ, ಬಿಸಿಯಾದ ಮಾಂಸಖಂಡ ಹೆಚ್ಚು ಆಮ್ಲಜನಕ ಕೇಳುತ್ತದೆ, ಕೊಡುವ ದಾರಿಯೇ ಮುಚ್ಚಿರುವಾಗ.

ಮಂಜುನಾಥನ ಮಾತು ಹಿಡಿದು ‘ಹನ್ನೊಂದಕ್ಕೆ’ ಎಂದುಬಿಟ್ಟಿದ್ದರೆ ಆ ಮುದುಕಿಯ ಮೇಲೆ ಅರ್ಧ ದೋಷವೂ ಬರುತ್ತಿರಲಿಲ್ಲ. ಅಳಿಯನ ಎದುರೇ ನಿಂತು ನಸುಕು ಎಂದರು. ಎಂಟು ತಾಸು. ನಾನು ಅವತ್ತು ಮಾಡಿದ ಪ್ರತಿಯೊಂದು ಕೆಲಸವೂ ಆ ಉತ್ತರದ ಮೇಲೆ ನಿಂತಿತ್ತು.

ಕಿರಣ್ ನನ್ನನ್ನು ಪರದೆಯ ಆಚೆಗೆ ಕರೆದ. ಎಕೋ ಪರೀಕ್ಷೆಯಲ್ಲಿ ಮೂಲಕಾರಣ ಸಿಕ್ಕಿತ್ತು: ಚಿಕ್ಕಂದಿನಲ್ಲಿ ಬಂದಿದ್ದ ರುಮ್ಯಾಟಿಕ್ ಜ್ವರದಿಂದ ಹೃದಯದ ಒಂದು ಕವಾಟ ಕಿರಿದಾಗಿತ್ತು. ಬಸುರಿನಲ್ಲಿ ಬಂದ ಏದುಸಿರನ್ನು ಎಲ್ಲರೂ ಬಸುರಿನದೇ ಏದುಸಿರು ಅಂದುಕೊಂಡಿದ್ದರು. ಕವಾಟದ ಹಿಂದೆ ನಿಂತ ರಕ್ತ ಹೆಪ್ಪುಗಟ್ಟಿ, ಒಂದು ತುಣುಕು ಜಾರಿ ತೊಡೆಯ ದೊಡ್ಡ ನಾಳಕ್ಕೆ ಹೋಗಿ ಬೂಚಿನ ಹಾಗೆ ಕೂತಿತ್ತು.

“ಎಂಟು ತಾಸು, ಮೇಡಂ. ಪುಸ್ತಕದ ಪ್ರಕಾರ ಮೊಣಕಾಲಿನ ಮೇಲೆ ತೆಗೆಯೋದೇ ಸೇಫ್. ಈ ಹೃದಯ ಇಟ್ಟುಕೊಂಡು ರೀಪರ್‌ಫ್ಯೂಷನ್ ತಡಕೊಳ್ತಾಳಾ?”

ರೀಪರ್‌ಫ್ಯೂಷನ್ ಎಂದರೆ ನಿಂತ ಜಾಗಕ್ಕೆ ರಕ್ತ ಮರಳಿ ಹರಿಯುವುದು. ಕೇಳಲು ಶುಭ ಸುದ್ದಿಯೇ. ಆದರೆ ಹಸಿದು ಬಿದ್ದಿದ್ದ ಮಾಂಸಖಂಡಕ್ಕೆ ಒಮ್ಮೆಲೇ ಆಮ್ಲಜನಕ ನುಗ್ಗಿದರೆ ಅದೇ ವಿಷವಾಗಿ ಜೀವಕೋಶಗಳನ್ನು ಒಡೆಯುತ್ತದೆ, ಊತ ಬರುತ್ತದೆ. ಒಡೆದ ಕೋಶಗಳ ಪೊಟ್ಯಾಶಿಯಂ ಹೃದಯಕ್ಕೆ ಹೋದರೆ ಹೃದಯ ನಿಲ್ಲಬಹುದು. ಮಾಂಸಖಂಡದ ಕೆಂಪು ಬಣ್ಣ ಸೋರಿಹೋಗಿ ಕಿಡ್ನಿಯಲ್ಲಿ ಕಟ್ಟಿಕೊಳ್ಳಬಹುದು. ಕಿಡ್ನಿ ಉಳಿಸಲು ಧಾರಾಳ ಡ್ರಿಪ್ ಹಾಕಬೇಕು. ಸವಿತಾಳ ಕಿರಿದಾದ ಕವಾಟಕ್ಕೆ ಧಾರಾಳ ಹಾಕಿದರೆ ನೀರು ಶ್ವಾಸಕೋಶಕ್ಕೆ ತುಂಬುತ್ತದೆ. ಕಿಡ್ನಿಗೆ ಬೇಕಾದ್ದು ಹೃದಯಕ್ಕೆ ಬೇಡ. ಕಿರಣ್ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

“ಇನ್ನೊಂದು ವಿಷಯ,” ಎಂದ ಅವನು, ಅರ್ಧ ತಮಾಷೆಯಲ್ಲಿ. “ಈ ಅಜ್ಜಿ ದಿನಾ ಕಾವು ಕೊಟ್ಟಿದ್ದಾರಲ್ಲ. ಮುಂಚೆ ಬಿಸಿ ತಾಗಿಸಿದ ಪ್ರಾಣಿಗಳ ಅಂಗ ಆಮೇಲೆ ರಕ್ತ ನಿಂತರೂ ಹೆಚ್ಚು ತಡಕೊಳ್ಳುತ್ತೆ ಅಂತ ನೀವೇ ಕಲಿಸಿದ್ದು. ನಿಮ್ಮ ಸಿಸ್ಟರ್‌ಗಳು ಆ ಕಾಲಿನಲ್ಲಿ ಆಗಲೇ ಸಾಲಾಗಿ ನಿಂತಿರಬಹುದು.”

“ಇರಬಹುದು,” ಎಂದೆ. “ಹೊರಸಿನ ಕೆಳಗಿನ ಕೆಂಡ ಮಾಂಸಖಂಡದ ಆಳಕ್ಕೆ ಎಷ್ಟು ತಲುಪುತ್ತೆ ಅಂತ ಯಾರಿಗೆ ಗೊತ್ತು? ಲ್ಯಾಬಿನ ಇಲಿ ಭಾನುವಳ್ಳಿ ಬಾಣಂತಿ ಅಲ್ಲ. ಅದರ ಮೇಲೆ ಭಾರ ಹಾಕಿ ನಿರ್ಧಾರ ಮಾಡೋ ಹಾಗಿಲ್ಲ. ಬಾ, ಕಾಲನ್ನೇ ಕೇಳೋಣ.”

ಮತ್ತೆ ಡಾಪ್ಲರ್ ಇಟ್ಟೆವು. ಶುದ್ಧರಕ್ತದ ನಾಳದಲ್ಲಿ ಅದೇ ಗೊರಗೊರ. ಕಿರಣ್ ಕಡ್ಡಿಯನ್ನು ಅಶುದ್ಧರಕ್ತದ ನಾಳದ ಮೇಲೆ ಸರಿಸಿ ಹಿಡಿದ. ನಾನು ಪಾದವನ್ನು ಮೆಲ್ಲಗೆ ಹಿಸುಕಿದೆ. ಫೂ... ಎಂದು ಊದಿದ ಹಾಗೆ ಒಂದು ಸಣ್ಣ ಸದ್ದು. ಮತ್ತೆ ಹಿಸುಕಿದೆ. ಮತ್ತೆ ಫೂ. ಪೂರ್ತಿ ಸತ್ತ ಕಾಲಿನಲ್ಲಿ ಆ ಸದ್ದು ಇರುವುದಿಲ್ಲ.

“ಸವಿತಾ, ಹೆಬ್ಬೆರಳು ಆಡಿಸಮ್ಮ.”

ಆಕೆ ಹುಬ್ಬು ಗಂಟಿಕ್ಕಿ ಪ್ರಯತ್ನಿಸಿದಳು. ಬೆರಳು ಕೂದಲೆಳೆಯಷ್ಟು ಅಲ್ಲಾಡಿತು. ಅವಳಿಗೆ ಅದು ಕಾಣಲಿಲ್ಲ, ನಮಗೆ ಕಂಡಿತು.

“ಮೇಡಂ,” ಎಂದಳು, “ನೀವು ನನ್ನ ಬಸ್ಸಿಗೆ ಹತ್ತಿದ್ರಿ ಒಂದ್ಸಲ. ಹೆಂಗಸ್ರ ಸೀಟಿನಾಗ ಕುಂತಿರೋ ಗಂಡಸ್ರನ್ನ ಯಾಕ ಎಬ್ಸಲ್ಲ ಅಂತ ನನ್ನ ಮ್ಯಾಲೆ ರೇಗಿದ್ರಿ.”

“ಎಬ್ಬಿಸಿದೆಯಾ?”

“ಎಬ್ಸಿದೆ. ಒಂಟಿಕಾಲಿನಾಗ ನಿಂತ್ಕಂಡು ಎಬ್ಸಾಕ ಆಗಲ್ರಿ.” ಪರದೆಯಾಚೆ ನಾವಾಡಿದ್ದು ಅವಳಿಗೆ ಕೇಳಿಸಿತ್ತು. “ದಿನಾ ನಿಂತೇ ಮಾಡೋ ಕೆಲ್ಸ. ಕಾಲಿಲ್ದಿದ್ರೆ ನಾನ್ಯಾರ್ರಿ?”

ಮಂಜುನಾಥನಿಗೆ ನಾನು ಅಪಾಯವನ್ನೆಲ್ಲ ಬಿಡಿಸಿ ಹೇಳಿದೆ. ಕಾಲು ತೆಗೆದರೆ ಜೀವಕ್ಕೆ ಅಪಾಯ ಕಡಿಮೆ. ಕಾಲು ಉಳಿಸಹೋದರೆ ಮೇಜಿನ ಮೇಲೇ ಹೃದಯ ನಿಲ್ಲಬಹುದು, ಆಮೇಲೆ ಕಿಡ್ನಿ ಕೈಕೊಡಬಹುದು. ಅವನಿಗೆ ಅರ್ಥವಾಗಲೆಂದು ಗದ್ದೆಗೆ ನೀರು ಬಿಡುವ ಚಾನಲ್ಲಿನ ಮಾತು ತೆಗೆದೆ. “ಬಹಳ ದಿನ ಒಣಗಿದ ಚಾನಲ್ಲಿಗೆ ಗೇಟು ಪೂರಾ ಎತ್ತಿ ನೀರು ಬಿಟ್ಟರೆ ಏನಾಗುತ್ತೆ?”

“ಕಸ ಕಡ್ಡಿ ಎಲ್ಲಾ ಹೊತ್ಕಂಡು ಬಂದು ತೂಬು ಕಟ್ಟುತ್ತೆ. ಏರಿ ಒಡೀತೈತೆ.”

“ನಾವು ಗೇಟನ್ನ ಬೆರಳಷ್ಟು ಎತ್ತುತ್ತೀವಿ. ಮುಚ್ಚುತ್ತೀವಿ. ಮತ್ತೆ ಎತ್ತುತ್ತೀವಿ. ತಡೆಯದಿದ್ದರೆ ಕಾಲು ಬಿಟ್ಟುಕೊಡ್ತೀವಿ, ಸವಿತಾನ್ನ ಬಿಟ್ಟುಕೊಡಲ್ಲ. ಅಷ್ಟು ಮಾತು ಕೊಡಬಲ್ಲೆ.”

ಅವನು ಸವಿತಾಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಸಹಿ ಮಾಡಿದ ಮೇಲೆ ಅವನು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಅಜ್ಜಿನ ಊರಿಗೆ ಕಳಿಸಿಬಿಡ್ರಿ ಮೇಡಂ, ನನ್ನ ಕಣ್ಣಿಗೆ ಬೀಳೋದು ಬ್ಯಾಡ” ಎಂದ. ಅದೇ ಹೊತ್ತಿಗೆ ಕೂಸು ಕಿರುಚತೊಡಗಿತು. ಅವನು ಎತ್ತಿಕೊಂಡ, ಇನ್ನೂ ಜೋರಾಯಿತು. ಗೌರಮ್ಮ ಕೈಚಾಚಿದರು. ಕೂಸು ಅವರ ಹೆಗಲಿಗೆ ಹೋಗಿ ಸುಮ್ಮನಾಯಿತು. ಹಾಗಾಗಿ ಅಜ್ಜಿ ಉಳಿದರು.

ಆಪರೇಷನ್ ಥಿಯೇಟರಿನಲ್ಲಿ ಮಾಸ್ಕ್ ಇಡುವ ಮುಂಚೆ ಸವಿತಾ ಹೇಳಿದ್ದು: “ಮೇಡಂ, ನನ್ನ ಸ್ಟಾಪ್ ಬರೋ ಮುಂಚೆ ಇಳಿಸ್ಬ್ಯಾಡ್ರಿ.”

“ನಾನೂ ಕೊನೇ ಸ್ಟಾಪಿನವರೆಗೆ ಬರ್ತೀನಿ,” ಎಂದೆ.

ಬೇಕಾಬಿಟ್ಟಿ ಓಡುತ್ತಿದ್ದ ನಾಡಿಯನ್ನು ಔಷಧಿಯಿಂದ ಹದಕ್ಕೆ ತಂದೆ. ಕ್ಯಾಲ್ಸಿಯಂ, ಇನ್ಸುಲಿನ್, ಗ್ಲೂಕೋಸ್, ಸೋಡಾ ಬೈಕಾರ್ಬ್, ಎಲ್ಲವನ್ನೂ ಸಿರಿಂಜಿಗೆ ಎಳೆದು ಕೈಗೆ ಸಿಗುವಂತೆ ಸಾಲಾಗಿ ಇಟ್ಟುಕೊಂಡೆ. ಪೊಟ್ಯಾಶಿಯಂ ಹೊಡೆತಕ್ಕೆ ಇವೇ ನಮ್ಮ ಗುರಾಣಿ. ಕಿರಣ್ ತೊಡೆಸಂದಿಯಲ್ಲಿ ಕೊಯ್ದು, ತುದಿಗೆ ಪುಟ್ಟ ಬಲೂನ್ ಇರುವ ತೆಳ್ಳಗಿನ ಕೊಳವೆಯನ್ನು ನಾಳದೊಳಗೆ ಇಳಿಸಿದ. ಬಲೂನ್ ಉಬ್ಬಿಸಿ ಹಿಂದಕ್ಕೆ ಎಳೆದಾಗ ಹೆಪ್ಪು ಹೊರಬಂತು, ಉಂಡು ಉಬ್ಬಿದ ಜಿಗಣೆಯಂತೆ. ಟ್ರೇನಲ್ಲಿ ಬಿದ್ದ ಅದನ್ನು ನೋಡಿದರೆ ಇಷ್ಟಕ್ಕೆ ಇಷ್ಟೆಲ್ಲವೇ ಅನ್ನಿಸುವಂತಿತ್ತು.

“ಮೇಡಂ, ಬಿಡ್ಲಾ?”

“ಬಿಡು.”

ನಾಳವನ್ನು ಅಮುಕಿ ಹಿಡಿದಿದ್ದ ಕ್ಲ್ಯಾಂಪ್ ಸಡಿಲವಾಯಿತು. ಕಾಲಿನಿಂದ ಮರಳಿ ಬಂದ ಮೊದಲ ಕಪ್ಪು ರಕ್ತವನ್ನು ಕಿರಣ್ ಹೃದಯಕ್ಕೆ ಬಿಡದೆ ಹೊರಗೆ ಹರಿಯಗೊಟ್ಟ. ಬದಲಿಗೆ ನಾನು ಬಾಟಲಿಯ ರಕ್ತ ಏರಿಸುತ್ತಿದ್ದೆ. ಮಾನಿಟರಿನ ಗೆರೆಯಲ್ಲಿ ಸಣ್ಣ ದಿಬ್ಬಗಳಂತಿದ್ದ ಅಲೆಗಳು ಚೂಪಾಗಿ ಏಳತೊಡಗಿದವು; ಪೊಟ್ಯಾಶಿಯಂ ಏರುತ್ತಿರುವ ಗುರುತು. ನಾಡಿ ಕುಂಟಿತು. ಒತ್ತಡ ಇಳಿಯಿತು.

“ಮುಚ್ಚು, ಕಿರಣ್!”

ಮುಚ್ಚಿದ. ಕ್ಯಾಲ್ಸಿಯಂ ಕೊಟ್ಟೆ, ಇನ್ಸುಲಿನ್ ಕೊಟ್ಟೆ. ಚೂಪು ಅಲೆಗಳು ಮೆಲ್ಲಗೆ ತಲೆ ತಗ್ಗಿಸಿದವು. ಕಿರಣನ ಕಣ್ಣು ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಆ ನೋಟದ ಅರ್ಥ ನನಗೆ ಗೊತ್ತಿತ್ತು: ಇಲ್ಲಿಗೇ ನಿಲ್ಲಿಸಿ ಕಾಲು ತೆಗೆಯೋಣವೇ? ಹೇಳಬೇಕಾದವಳು ನಾನು.

“ಮತ್ತೆ ಬಿಡು. ಇನ್ನೂ ನಿಧಾನ.”

ಹೀಗೆ ಬಿಟ್ಟು ಹಿಡಿಯುವುದರಿಂದ ಮಾಂಸಖಂಡಕ್ಕೆ ಎಷ್ಟು ಲಾಭ ಎಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ. ಹೃದಯಕ್ಕೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಎರಡನೆಯ ಸಲ ಅಲೆ ಎದ್ದದ್ದು ಮೊದಲಿನಷ್ಟಲ್ಲ. ಆಮೇಲಿನ ಸಲ ಇನ್ನೂ ಕಡಿಮೆ. ಕೊನೆಗೆ ಕ್ಲ್ಯಾಂಪ್ ಪೂರಾ ತೆಗೆದು ಕಿರಣ್ ಕೈ ಎತ್ತಿ ನಿಂತ. ಪಾದದ ಬಿಳುಪಿನ ಮೇಲೆ ಮೊದಲು ಮಚ್ಚೆ ಮಚ್ಚೆಯಾಗಿ, ಆಮೇಲೆ ಹರಡಿಕೊಂಡು ಬಣ್ಣ ಬಂತು. ಸ್ಟಾಫ್ ನರ್ಸ್ ಒಬ್ಬಳು ತನಗರಿವಿಲ್ಲದೆ “ಶಿವನೇ” ಎಂದಳು. ಊದಿಕೊಳ್ಳಲಿರುವ ಮಾಂಸಖಂಡಕ್ಕೆ ಜಾಗ ಮಾಡಲು ಮೀನಖಂಡದ ಎರಡೂ ಬದಿಯ ಪೊರೆಯನ್ನು ಉದ್ದಕ್ಕೆ ಸೀಳಿ ಬಿಟ್ಟೆವು. ನೋಡಲು ಭಯಂಕರ, ಮಾಡದಿದ್ದರೆ ಉಳಿಸಿದ ಕಾಲು ಒಳಗಿಂದಲೇ ಹಿಚುಕಿಕೊಂಡು ಸಾಯುತ್ತದೆ.

ಬಹಳ ಜನ ಇಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಐಸಿಯುಗೆ ತಂದ ಸ್ವಲ್ಪ ಹೊತ್ತಿಗೆ ಮೂತ್ರದ ಚೀಲದಲ್ಲಿ ಕರೀ ಚಹಾದ ಬಣ್ಣ ಕಾಣಿಸಿಕೊಂಡಿತು. ಕಿಡ್ನಿಯ ಪರೀಕ್ಷೆ ಆಗ ಶುರು. ಡ್ರಿಪ್ಪಿನ ನೀರು ಹಾಕಿದೆ, ಶ್ವಾಸಕೋಶದ ತಳದಲ್ಲಿ ಸ್ಟೆತೊಸ್ಕೋಪಿಗೆ ಚರಚರ ಸದ್ದು. ನೀರು ತಗ್ಗಿಸಿದೆ, ಮೂತ್ರ ತಗ್ಗಿತು. ಮತ್ತೆ ಚೂರು ಹಾಕಿದೆ. ಎರಡು ದಿನ ಇದೇ ಹಗ್ಗದ ಮೇಲಿನ ನಡಿಗೆ. ಮನೆಯಿಂದ ಅಕ್ಕ ಫೋನ್ ಮಾಡಿ “ನಿವೃತ್ತಿ ಅಂದ್ರೇನು ಅಂತ ನಿನ್ನ ಕಾನ್ವೆಂಟಿನಲ್ಲಿ ಕಲಿಸಲಿಲ್ವಾ?” ಎಂದು ಕೇಳಿದಳು. ಮೂರನೆಯ ದಿನ ಚೀಲದಲ್ಲಿ ಒಣಹುಲ್ಲಿನ ತಿಳಿ ಬಣ್ಣ ಬಂದಾಗ ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ರೀತಿಗೆ, ರೇಷ್ಮೆ ಸೀರೆ ಆರಿಸುವವರೂ ಅಷ್ಟು ನೋಡುವುದಿಲ್ಲ ಎಂದು ನರ್ಸುಗಳು ನಕ್ಕರು.

ಅವತ್ತು ಸಂಜೆ ಗೌರಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂಸಿನ ಬಟ್ಟೆ ಮಡಚುತ್ತಿದ್ದರು. ಪಕ್ಕ ಕೂತೆ.

“ನನ್ನ ಕೈಯಿಂದ್ಲೇ ಆತೇನ್ರಿ ಇದು?” ಎಂದರು, ಮಡಚುವುದನ್ನು ನಿಲ್ಲಿಸದೆ.

ಸಮಾಧಾನದ ಮಾತು ಹೇಳುವುದು ಸುಲಭವಿತ್ತು. ನಸುಕು ಎಂದು ಹೇಳಿದ ಬಾಯಿಗೆ ಸುಳ್ಳು ಸಮಾಧಾನ ಕೊಡಲು ನನಗೆ ಮನಸ್ಸಾಗಲಿಲ್ಲ. “ಹೆಪ್ಪು ಬಂದದ್ದು ಹೃದಯದಿಂದ. ಅದು ನಿಮ್ಮಿಂದಲ್ಲ, ಅಜ್ಜಿ. ಆದರೆ ಆ ದಿನದ ಕಾವು ಕೆಟ್ಟದ್ದು ಮಾಡಿತು. ಚರ್ಮ ಸುಟ್ಟಿತು, ಹರಿಹರದ ಡಾಕ್ಟರ ಕೈಗೂ ಮೋಸ ಮಾಡಿತು.”

“ಅದಕ್ಕಿಂತ ಮುಂಚೆ ಕೊಟ್ಟಿದ್ದು?”

“ಅದರಿಂದ ಆ ಮಾಂಸಕ್ಕೆ ಸ್ವಲ್ಪ ಶಕ್ತಿ ಬಂದಿರಲೂಬಹುದು. ಏನೂ ಆಗದೆ ಇರಲೂಬಹುದು. ಗೊತ್ತಿಲ್ಲ.”

ಗೌರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಗೊತ್ತಿಲ್ಲ ಅಂತ ಹೇಳಾಕ ಇಷ್ಟೊಂದು ಓದಬೇಕೇನ್ರಿ?”

“ಹೌದು ಅಜ್ಜಿ. ಓದದಿದ್ದರೆ ಗೊತ್ತು ಅಂದುಬಿಡ್ತಿದ್ದೆ.”

ಅವರಿಗೆ ನಗು ಬಂತು, ನಕ್ಕದ್ದಕ್ಕೆ ಅಳುವೂ ಬಂತು. ಕೂಸಿನ ಬಟ್ಟೆಯಲ್ಲೇ ಮುಖ ಒರೆಸಿಕೊಂಡು ಕೇಳಿದರು: “ಹಂಗಾರೆ ಶೀತ ಯಾವ್ದು, ಇದು ಯಾವ್ದು, ನನ್ನಂಥಾಕಿಗೆ ಹೆಂಗೆ ತಿಳೀಬೇಕು?” ನಾನು ಅವರ ಎರಡೂ ಕೈ ಹಿಡಿದು ನನ್ನ ಎರಡು ಪಾದಗಳ ಮೇಲೆ ಇಟ್ಟೆ. ಶೀತ ಅಂದರೆ ಎರಡೂ ಕಾಲು ತಣ್ಣಗಿರುತ್ತವೆ. ಒಂದೇ ತಣ್ಣಗಿದ್ದರೆ ಕೆಂಡ ಮುಟ್ಟಬಾರದು, ಗಾಡಿ ತರಿಸಬೇಕು. ಅಂಗೈಗಿಂತ ಕೈಯ ಹಿಂಬದಿಗೆ ಚೆನ್ನಾಗಿ ತಿಳಿಯುತ್ತದೆ. ಅಷ್ಟೆ. ಅವರು ಕೈ ತಿರುಗಿಸಿ, ಹಿಂಬದಿ ಇಟ್ಟು, ಮತ್ತೊಮ್ಮೆ ನೋಡಿದರು.

ಸವಿತಾಳ ಕಾಲು ಉಳಿಯಿತು. ಪೂರ್ತಿ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಕಿರುಬೆರಳು ಕಪ್ಪಾಗಿ ತೆಗೆಯಬೇಕಾಯಿತು. ಒಂದು ನರ ಸೋತಿದ್ದರಿಂದ ಪಾದ ಮುಂದಕ್ಕೆ ಜೋಲುತ್ತಿತ್ತು. ಬೂಟಿನೊಳಗೆ ಪ್ಲಾಸ್ಟಿಕ್ ಪಟ್ಟಿ ಹಾಕಿಕೊಂಡು ನಡಿಗೆ ಕಲಿತಳು. ಸುಟ್ಟ ಜಾಗಕ್ಕೆ ತೊಡೆಯ ಚರ್ಮ ಹಾಕಿದರು. ಕೆಲವು ತಿಂಗಳ ಮೇಲೆ ಕವಾಟವನ್ನು ಬಲೂನಿನಿಂದ ಅಗಲ ಮಾಡಲಾಯಿತು. ಮೊದಲು ಬಸ್ ಸ್ಟ್ಯಾಂಡಿನಲ್ಲಿ ಪಾಸ್ ಕೊಡುವ ಕೌಂಟರಿನ ಕೆಲಸ ಕೊಟ್ಟರು. ಕೂತು ಕೂತು ಬೇಜಾರು ಎಂದು ಹಟ ಹಿಡಿದು, ಫಿಟ್‌ನೆಸ್ ಪರೀಕ್ಷೆಗೆ ಎರಡು ಸಲ ಹೋಗಿ, ಮತ್ತೆ ರೂಟಿಗೆ ಬಂದಳು.

ಮಂಜುನಾಥ ಮಾತ್ರ ಹೆಂಡತಿ ಮಗುವನ್ನು ಆಸ್ಪತ್ರೆಯಿಂದ ನೇರ ಗುತ್ತೂರಿಗೆ ಕರೆದೊಯ್ದ. ಅಜ್ಜಿ ಒಬ್ಬರೇ ಭಾನುವಳ್ಳಿ ಬಸ್ ಹತ್ತಿದರು. ಫಾಲೋಅಪ್‌ಗೆ ಬಂದಾಗಲೆಲ್ಲ ನಾನು ಅಜ್ಜಿಯ ಬಗ್ಗೆ ಕೇಳುತ್ತಿದ್ದೆ. ಸವಿತಾ ಗಂಡನ ಕಡೆ ನೋಡುತ್ತಿದ್ದಳು, ಅವನು ಗೋಡೆಯ ಕಡೆ. ಒಮ್ಮೆ ಅವಳನ್ನು ಡ್ರೆಸಿಂಗಿಗೆ ಕಳಿಸಿ ಅವನನ್ನು ಕೂರಿಸಿಕೊಂಡೆ. “ಅಜ್ಜಿ ನಸುಕು ಅಂತ ಹೇಳಿದ್ದಕ್ಕೇ ನಾನು ಆ ಸಿರಿಂಜುಗಳನ್ನು ತುಂಬಿಟ್ಟುಕೊಂಡಿದ್ದು. ನಿನ್ನ ಹನ್ನೊಂದು ಗಂಟೆ ನಂಬಿದ್ದರೆ ಗೇಟು ಒಂದೇ ಸಲ ಎತ್ತಿಬಿಡುತ್ತಿದ್ದೆವು. ಆಮೇಲೆ ಏನಾಗುತ್ತಿತ್ತು ಅಂತ ನೀನೇ ಹೇಳು.” ಅವನು ಎದ್ದು ಹೋಗುವಾಗ ಕುರ್ಚಿಯನ್ನು ಜಾಗಕ್ಕೆ ಸರಿಸಿಟ್ಟು ಹೋದ.

ನನ್ನ ವೃತ್ತಿ ನನಗೆ ಕಲಿಸಿದ್ದು ದೊಡ್ಡ ತತ್ವವಲ್ಲ. ನಿಂತದ್ದು ಮರಳಿ ಹರಿಯತೊಡಗಿದ ಗಳಿಗೆಯೇ ಎಲ್ಲಕ್ಕಿಂತ ನಾಜೂಕಿನದು. ಎಲ್ಲರೂ ನಿಟ್ಟುಸಿರುಬಿಟ್ಟು ಕೈಗವಸು ಕಳಚುವ ಆ ಹೊತ್ತಿನಲ್ಲಿ ಒಬ್ಬರಾದರೂ ಮಾನಿಟರಿನಿಂದ ಕಣ್ಣು ತೆಗೆಯದೆ ನಿಂತಿರಬೇಕು. ಜೀವಕೋಶ ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದಷ್ಟು ಹೊತ್ತನ್ನು ಗಿಟ್ಟಿಸಿಕೊಡುವುದಷ್ಟೇ ನಮ್ಮ ಕೆಲಸ. ದಟ್ಸ್ ಆಲ್.

ಗೌರಮ್ಮನವರನ್ನು ನಾನು ಕೊನೆಯ ಸಲ ನೋಡಿದ್ದು ಗುತ್ತೂರಿನಲ್ಲಿ, ಮಂಜುನಾಥನ ಮನೆಯಲ್ಲಿ. ಸವಿತಾ ಫೋನ್ ಮಾಡಿದ್ದಳು: “ನಾದಿನಿ ಹೆರಿಗೆ ಆಗೈತ್ರಿ ಮೇಡಂ. ಕೂಸು ನೋಡಾಕ ಬರ್ರಿ. ಬಾಣಂತನಕ್ಕೆ ಅಜ್ಜಿ ಬಂದಾರೆ. ಯಾರು ಕರ್ಕಂಬಂದಿದ್ದು ಹೇಳ್ರಿ ನೋಡೋಣ?” ತನ್ನ ಸ್ವಂತ ತಂಗಿಯ ಬಾಣಂತನಕ್ಕೆ ಮಂಜುನಾಥನೇ ಭಾನುವಳ್ಳಿಗೆ ಬೈಕ್ ತೆಗೆದುಕೊಂಡು ಹೋಗಿದ್ದ.

ನಾನು ಹೋದಾಗ ಗೌರಮ್ಮ ಒಳಕೋಣೆಯಲ್ಲಿ ಕಾರುಬಾರು ನಡೆಸಿದ್ದರು. “ಅಳಿಯಂದ್ರೆ, ಇದೇನು ಸೌದೆನೋ ನಿಮ್ಮ ಕಾರ್ಖಾನಿ ಕಸನೋ? ಬರೀ ಹೊಗಿ!” ಎಂದು ಒಳಗಿಂದ ಗದರಿಸುವುದು ಕೇಳಿಸಿತು. “ಆತು ಅಜ್ಜಿ, ಬ್ಯಾರೆ ತರ್ತೀನಿ” ಎಂದು ಮಂಜುನಾಥ ತಲೆ ತಗ್ಗಿಸಿ ಹೊರಗೆ ಓಡಿದ. ನಾನು ಒಳಗೆ ಇಣುಕಿದಾಗ ಗೌರಮ್ಮ ಬಾಣಂತಿಯ ಸೀರೆಯ ಅಂಚು ಸರಿಸಿ ಎರಡೂ ಪಾದಗಳ ಮೇಲೆ ಕೈಯ ಹಿಂಬದಿ ಇಟ್ಟು, ಕಣ್ಣು ಮುಚ್ಚಿ ನೋಡಿ, ಆಮೇಲೆಯೇ ಬಾಣಲೆಗೆ ಎರಡೇ ಎರಡು ಕೆಂಡ ಹಾಕಿದರು. ಅದನ್ನೂ ದೂರಕ್ಕೆ ಸರಿಸಿದರು.

ಅವಲಕ್ಕಿ, ಚಹಾ ಆಗಿ ಹೊರಡುವಾಗ ಬಾಗಿಲಲ್ಲಿ ಅವರು ಬಗ್ಗಿದರು. ಕಾಲಿಗೆ ಬೀಳುತ್ತಾರೆಂದು ನಾನು ಗಾಬರಿಯಾಗಿ ಹಿಂದೆ ಸರಿದೆ. “ಅಯ್ಯೋ ಬೇಡಿ ಅಜ್ಜಿ, ನೀವು ನನಗಿಂತ ದೊಡ್ಡವರು.”

“ನಮಸ್ಕಾರ ಯಾರು ಮಾಡ್ತಾರ್ರಿ ನಿಮಗೆ? ಸುಮ್ನೆ ನೆಟ್ಟಗೆ ನಿಂತ್ಕಳ್ರಿ.” ಎರಡೂ ಪಾದದ ಮೇಲೆ ಅವರ ಒರಟು ಕೈಗಳು ಬಂದು ಕೂತವು. ಬಹಳ ಹೊತ್ತು ಹಾಗೇ ಇದ್ದವು. “ಎರಡೂ ಒಂದೇ ಐದಾವೆ,” ಎಂದರು ಕೊನೆಗೆ, ನನ್ನ ಕೈ ಹಿಡಿದು ಎದ್ದು ನಿಲ್ಲುತ್ತಾ. “ಆದ್ರೆ ಎರಡೂ ತಣ್ಣಗೈದಾವೆ. ವಯಸ್ಸಾತು, ಕಾಲುಚೀಲ ಹಾಕ್ಕಳ್ರಿ.”